ಆಕಿ ಈಗ ಇಲ್ರಿ

ನಾನು ಸತ್ತಿದ್ದೇನೆಂದು ನನಗೆ ಮೊದಲು ಓದಿ ಹೇಳಿದವಳು ನನ್ನ ಮಗಳು. ಓದುತ್ತಿರುವುದು ತನ್ನ ತಾಯಿಯ ಸಾವಿನ ಸುದ್ದಿ ಎಂದು ಅವಳಿಗೆ ಗೊತ್ತಿರಲಿಲ್ಲ.

ಆಂಧ್ರದ ಗಡಿಯ ಮಡಕಶಿರಾದಲ್ಲಿ ನಮ್ಮದೊಂದು ಲೇಡೀಸ್ ಟೈಲರ್ ಅಂಗಡಿ. ಮುಂದಿನ ಮಷೀನಿನಲ್ಲಿ ನನ್ನ ಗಂಡ ಕೂರುತ್ತಾರೆ, ಪರದೆಯ ಹಿಂದಿನದರಲ್ಲಿ ನಾನು. ಹೆಂಗಸರ ಅಳತೆ ತೆಗೆಯುವುದು ನನ್ನ ಕೆಲಸ, ಬಟ್ಟೆ ಕತ್ತರಿಸುವುದು ಅವರ ಕೆಲಸ. ಇಪ್ಪತ್ತು ವರ್ಷಕ್ಕೂ ಮೇಲೆ ಹೀಗೇ ನಡೆದಿದೆ. ಅವರು ಕಡಿಮೆ ಮಾತಿನ ಮನುಷ್ಯ, ಒಳ್ಳೆಯವರು. ಅಂಗಡಿಯಲ್ಲಿ ರೇಡಿಯೋ ಕೂಡ ಇಟ್ಟುಕೊಂಡವರಲ್ಲ. ಸದ್ದು ಅಂದರೆ ನಮ್ಮ ಎರಡು ಮಷೀನಿನದು, ಹೊರಗೆ ಗುಡಿಬಂಡೆಗೆ ಜನ ಕೂಗುವ ಆಟೋದವರದು, ಅಷ್ಟೇ.

ಆ ದಿನ ಮಗಳು ಹಿಂದೂಪುರದ ಕಾಲೇಜಿನಿಂದ ಮಧ್ಯಾಹ್ನವೇ ಬಂದುಬಿಟ್ಟಿದ್ದಳು. ಪರದೆ ಸರಿಸಿ ಒಳಗೆ ಬಂದು ನನ್ನ ಪಕ್ಕದ ಬಟ್ಟೆ ಗಂಟಿನ ಮೇಲೆ ಕೂತಳು. ಕಿವಿಯಲ್ಲಿ ಇಯರ್‌ಫೋನು.

“ಅಮ್ಮ, ನಿಮ್ಮೂರು ರಾಯದುರ್ಗದೋರು ಒಂದು ಬ್ಯಾಂಡ್ ಮಾಡಿದ್ರಂತೆ, ಗೊತ್ತಾ ನಿಂಗೆ? ಪಂಕ್ ಅಂತಾರೆ ಅದಕ್ಕೆ. ಬರೀ ಕೂಗಾಟ. ಆದ್ರೆ ಚೆನ್ನಾಗೈತೆ.”

ನಾನು ಪೆಡಲಿನಿಂದ ಕಾಲು ತೆಗೆದೆ. ಮಷೀನು ನಿಂತಿತು.

“ಹಳೇ ಕ್ಯಾಸೆಟ್ಟಂತೆ. ಬೆಂಗ್ಳೂರೋರು ಯಾರೋ ಹುಡುಕಿ ಮತ್ತೆ ಬಿಟ್ಟವ್ರೆ. ನಮ್ಮ ಕ್ಲಾಸಲ್ಲಿ ನಾಕೈದು ಜನ ಕೇಳ್ತಾವ್ರೆ. ತಗಾ, ಕೇಳು.”

ಒಂದು ಕಿವಿಯಿಂದ ತೆಗೆದು ನನ್ನ ಕಿವಿಗೆ ಇಟ್ಟಳು. ಮೊದಲು ಟೇಪಿನ ಸುಯ್ ಎನ್ನುವ ಸದ್ದು. ಆಮೇಲೆ ಪ್ಲಾಸ್ಟಿಕ್ ಡ್ರಮ್ಮಿನ ಮೇಲೆ ಕೋಲಿನ ಪೆಟ್ಟು, ಕೆಟ್ಟುಹೋದ ಗಿಟಾರು, ಅದರ ಮೇಲೆ ಒಂದು ಹುಡುಗಿಯ ಕೂಗು. ಹತ್ತೊಂಬತ್ತರ ಹುಡುಗಿ. ಸಾಲಿನ ಕೊನೆಯಲ್ಲಿ ಗಂಟಲು ಹರಿದುಹೋಗುತ್ತದೆ, ಆದರೂ ನಿಲ್ಲಿಸುವುದಿಲ್ಲ. ನಾನು ಮೊಣಕಾಲ ಮೇಲಿದ್ದ ರವಿಕೆ ಬಟ್ಟೆಯನ್ನು ಗಟ್ಟಿಯಾಗಿ ಹಿಡಿದುಕೊಂಡು ಕೂತೆ.

“ಹಾಡಿದೋಳು ತೀರ್ಕೊಂಡವಳಂತೆ, ಪಾಪ,” ಎಂದಳು ಮಗಳು. ಫೋನಿನಲ್ಲಿದ್ದ ಇಂಗ್ಲಿಷನ್ನು ಕನ್ನಡಕ್ಕೆ ತಿರುಗಿಸುತ್ತ ಓದಿದಳು: “ಗಾಯಕಿಯ ಹೆಸರು ತಿಳಿದಿಲ್ಲ. ಜೀನ್ಸ್ ಹೊಲಿಯೋ ಯೂನಿಟ್ಟಲ್ಲಿ ದಾರ ಕತ್ತರಿಸ್ತಿದ್ದಳು. ಚಿಕ್ಕ ವಯಸ್ಸಲ್ಲೇ ಹೋಗ್ಬಿಟ್ಟಳು. ಅಂತ ಬರ್ದವ್ರೆ. ನಿಂಗೇನಾದ್ರೂ ಗೊತ್ತಿದ್ಲಾ ಅವಳು?”

“ಇಲ್ಲ,” ಎಂದೆ. “ಅಲ್ಲಿ ಬೇಕಾದಷ್ಟು ಯೂನಿಟ್ಟು ಅವೆ. ಯಾರಂತ ಗೊತ್ತಾಗ್ತೈತೆ.”

ಅವಳು ಇಯರ್‌ಫೋನು ವಾಪಸು ತೆಗೆದುಕೊಂಡು ಕೈಕಾಲು ತೊಳೆಯಲು ಹೋದಳು. ಪರದೆಯ ಆಚೆ ಗಂಡನ ಕತ್ತರಿ ಒಂದೇ ಸಮನೆ ನಡೆಯುತ್ತಿತ್ತು.

ಬ್ಯಾಂಡಿಗೆ ಒಂದು ಹೆಸರಿತ್ತು. ಅದನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಹುಡುಕುತ್ತಾರೆ, ಹುಡುಕಿದರೆ ನನ್ನ ಅಣ್ಣನ ಮನೆ ಬಾಗಿಲಲ್ಲಿ ಹೋಗಿ ನಿಲ್ಲುತ್ತಾರೆ. ಇಷ್ಟೆಲ್ಲ ಆದ ಮೇಲೂ ನನಗೆ ಅದು ಬೇಡ.

ರಾಯದುರ್ಗದ ನಮ್ಮ ಮನೆಯ ಪಡಸಾಲೆಯಲ್ಲಿ ಎಂಟು ಹೊಲಿಗೆ ಮಷೀನುಗಳಿದ್ದವು. ಅಪ್ಪ ಬಳ್ಳಾರಿಯಿಂದ ಜೀನ್ಸ್ ಬಟ್ಟೆ ತಂದು ಪ್ಯಾಂಟು ಹೊಲಿಸಿ ಮತ್ತೆ ಬಳ್ಳಾರಿಗೇ ಕಳಿಸುತ್ತಿದ್ದರು. ನಾನು ಹತ್ತನೆಯ ತರಗತಿ ಮುಗಿಸಿ ಮನೆಯಲ್ಲೇ ಉಳಿದೆ. ಹೊಲಿದ ಪ್ಯಾಂಟಿನಲ್ಲಿ ಅಲ್ಲಲ್ಲಿ ಇಣುಕುವ ದಾರದ ತುದಿ ಕತ್ತರಿಸುವುದು ನನ್ನ ಪಾಲಿನ ಕೆಲಸ. ಸಂಜೆಯ ಹೊತ್ತಿಗೆ ಬೆರಳೆಲ್ಲ ನೀಲಿ. ನನಗಿಂತ ನಾಲ್ಕು ವರ್ಷ ದೊಡ್ಡವನಾದ ಅಣ್ಣ ಯೂನಿಟ್ಟು ನೋಡಿಕೊಳ್ಳುತ್ತಿದ್ದ. ಬಟ್ಟೆ ಕತ್ತರಿಸಲು ಅವನ ವಯಸ್ಸಿನವನೇ ಒಬ್ಬ ಕಟಿಂಗ್ ಮಾಸ್ತರನಿದ್ದ. ಬೆಂಗಳೂರಿನ ಗಾರ್ಮೆಂಟ್ ಫ್ಯಾಕ್ಟರಿಯಲ್ಲಿ ಎರಡು ವರ್ಷ ಕೆಲಸ ಮಾಡಿ ಬಂದವನು.

ಒಂದು ಸಲ ವ್ಯಾಪಾರಿಯೊಬ್ಬ ಇದೇ ತರ ಹೊಲಿಯಿರಿ ಎಂದು ವಿದೇಶದ ಜಾಕೆಟ್ಟೊಂದನ್ನು ಕಳಿಸಿದ. ಮೈತುಂಬ ತೇಪೆ, ತೇಪೆಯ ಮೇಲೆ ಇಂಗ್ಲಿಷ್ ಅಕ್ಷರ, ತೋಳಿನುದ್ದಕ್ಕೂ ಪಿನ್ನು, ಮೊಣಕೈ ಹತ್ತಿರ ಬೇಕೆಂದೇ ಹರಿದದ್ದು. ಅಪ್ಪ ಹಿಂದೆ ಮುಂದೆ ತಿರುಗಿಸಿ ನೋಡಿ, “ಇದನ್ನ ಹೊಲೀಬೇಕೋ, ರಿಪೇರಿ ಮಾಡಬೇಕೋ?” ಎಂದು ಕೇಳಿದರು. ಆ ತೇಪೆಗಳೆಲ್ಲ ಹಾಡಿನ ಬ್ಯಾಂಡುಗಳ ಹೆಸರು ಎಂದು ಹೇಳಿದವನು ಕಟಿಂಗ್ ಮಾಸ್ತರ. ಅವನ ಹತ್ತಿರ ಬೆಂಗಳೂರಿನಿಂದ ತಂದ ಒಂದು ಸಿ.ಡಿ. ಇತ್ತು, ನೂರಾರು ಹಾಡು ತುಂಬಿದ್ದು. ಅಣ್ಣ ಅದನ್ನು ಕೇಳಿ ಒಂದು ವಾರ ಯಾರೊಡನೆಯೂ ಸರಿಯಾಗಿ ಮಾತಾಡಲಿಲ್ಲ. ಆಮೇಲೆ ಬಳ್ಳಾರಿಗೆ ಹೋಗಿ, ಮುಚ್ಚಿಹೋದ ಆರ್ಕೆಸ್ಟ್ರಾದವರಿಂದ ಒಂದು ಹಳೇ ಗಿಟಾರು ತಂದ.

ಮಷೀನುಗಳಿಗೆ ರಜೆಯಿದ್ದ ದಿನ ಮಧ್ಯಾಹ್ನ ಅವರಿಬ್ಬರೂ ಹಿತ್ತಲ ಕಡೆಯ ಕೋಣೆ ಸೇರುತ್ತಿದ್ದರು. ಹೊಲಿದ ಪ್ಯಾಂಟಿನ ಗಂಟುಗಳನ್ನು ಒಟ್ಟುತ್ತಿದ್ದ ಕೋಣೆ ಅದು. ಗೋಡೆಯುದ್ದಕ್ಕೂ ಸೂರಿನ ತನಕ ಜೀನ್ಸ್ ಇರುತ್ತಿದ್ದುದರಿಂದ ಸದ್ದು ಹೊರಗೆ ಬರುತ್ತಿರಲಿಲ್ಲ. ಮಾಸ್ತರ ಬಟ್ಟೆ ತೊಳೆಯುವ ಯೂನಿಟ್ಟಿನಿಂದ ನೀಲಿ ಪ್ಲಾಸ್ಟಿಕ್ ಡ್ರಮ್ಮು ತಂದಿದ್ದ. ಮದುವೆ ಮನೆಗೆ ಬಾಡಿಗೆ ಕೊಡುವ ಮೈಕ್‌ಸೆಟ್ಟಿನ ಆಂಪ್ಲಿಫೈಯರಿಗೆ ಗಿಟಾರು ಸಿಕ್ಕಿಸಿದ್ದರು. ಹಾಡಲು ಮಾತ್ರ ಇಬ್ಬರಿಗೂ ಬರುತ್ತಿರಲಿಲ್ಲ.

ಒಂದು ಮಧ್ಯಾಹ್ನ ನನಗೆ ಕೆಟ್ಟ ತಲೆನೋವು. ಹೋಗಿ ಬಾಗಿಲು ತಳ್ಳಿದೆ. “ಸಾಕು ನಿಲ್ಲಸ್ರೋ. ವಾರೆಲ್ಲ ಮಷೀನು ಬಡೀತದ, ಒಂದಿನ ರಜಾ ಅಂದ್ರ ನೀವು ಬಡೀತೀರಿ. ನಾ ಎಲ್ಲಿಗೆ ಹೋಗಿ ಸಾಯ್ಲಿ?” ಎಂದು ಕೂಗಿದೆ.

ಮಾಸ್ತರ ಕೋಲು ಹಿಡಿದುಕೊಂಡೇ ಅಣ್ಣನ ಮುಖ ನೋಡಿದ. ಅಣ್ಣ ಗಿಟಾರು ಕೆಳಗಿಡಲಿಲ್ಲ. “ಇನ್ನೊಂದು ಸಲ ಅನ್ನು,” ಎಂದ. “ಹಂಗ ಅನ್ನು. ಅಷ್ಟೇ ಜೋರಾಗಿ.”

ನಮ್ಮ ಮೊದಲ ಹಾಡು ಅದೇ. ನನ್ನ ಬೈಗುಳ, ಅದರ ಹಿಂದೆ ಅವರಿಬ್ಬರ ಬಡಿತ.

ನನಗೆ ಸಂಗೀತ ಗೊತ್ತಿರಲಿಲ್ಲ, ಈಗಲೂ ಗೊತ್ತಿಲ್ಲ. ಆದರೆ ಆ ಕೋಣೆಯಲ್ಲಿ ಬಾಯಿಬಿಟ್ಟಾಗ ಎದೆಯೊಳಗೆ ಏನೋ ಸಡಿಲವಾಗುತ್ತಿತ್ತು. ಮನೆಯಲ್ಲಿ ನನ್ನ ಧ್ವನಿ ಯಾರಿಗೂ ಕೇಳುವಷ್ಟು ಇರುತ್ತಿರಲಿಲ್ಲ, ಇರಬಾರದಾಗಿತ್ತು. ಹಾಡುಗಳನ್ನು ನಾವೇ ಕಟ್ಟಿಕೊಂಡೆವು. ಓಬಳಾಪುರದ ಕಡೆಯಿಂದ ಅದಿರಿನ ಲಾರಿ ಬಂದು ಒಣಹಾಕಿದ ಬಟ್ಟೆಯೆಲ್ಲ ಕೆಂಪಾದದ್ದು ಒಂದು ಹಾಡು. ಹೆಣ್ಣು ನೋಡಲು ಬಂದವರು ಕೇಳುವ ಪ್ರಶ್ನೆಗಳನ್ನೇ ಒಂದರ ಹಿಂದೊಂದು ಕೂಗುವುದು ಇನ್ನೊಂದು. ಕನ್ನಡ, ತೆಲುಗು ಎರಡೂ ಕಲೆಸಿ, ನಾವು ಮಾತಾಡುವ ಹಾಗೆಯೇ.

ಆರು ಹಾಡು ಸೇರಿಸಿ ಟೇಪ್ ರೆಕಾರ್ಡರಿನಲ್ಲಿ ಒಂದು ಕ್ಯಾಸೆಟ್ ಮಾಡಿದೆವು. ಒಂದರಿಂದ ಒಂದಕ್ಕೆ ಇಳಿಸುತ್ತ ಮೂವತ್ತು ಪ್ರತಿ ಆದವು. ಕವರು ಅಚ್ಚು ಹಾಕಿಸುವ ಅನುಕೂಲ ಇರಲಿಲ್ಲ. ನಾನೇ ಜೀನ್ಸ್ ಚೂರಿನಿಂದ ಮೂವತ್ತು ಚೀಲ ಹೊಲಿದು ಒಂದೊಂದರಲ್ಲಿ ಒಂದೊಂದು ಕ್ಯಾಸೆಟ್ ಇಟ್ಟೆ. ಮರು ವರ್ಷ ಮದುವೆ ವಿಡಿಯೋ ಮಾಡುವ ಸ್ಟುಡಿಯೋದ ಕಂಪ್ಯೂಟರಿನಲ್ಲಿ ಎಂಟು ಹಾಡು ರೆಕಾರ್ಡ್ ಮಾಡಿ ಸಿ.ಡಿ. ತಂದೆವು. ಸ್ಟುಡಿಯೋದವನು ಅಭ್ಯಾಸಬಲದಿಂದ ನನ್ನ ಧ್ವನಿಗೆ ಪ್ರತಿಧ್ವನಿ ಸೇರಿಸಿಬಿಟ್ಟಿದ್ದ. ಅಣ್ಣ ಅವನೊಡನೆ ಜಗಳವಾಡಿ ತೆಗೆಸಿದ. ಮಾಸ್ತರ ಒಂದಿಷ್ಟು ಕ್ಯಾಸೆಟ್ಟು, ಸಿ.ಡಿ. ಕಟ್ಟಿಕೊಂಡು ಬಳ್ಳಾರಿ, ಬೆಂಗಳೂರಿನ ಗೆಳೆಯರಿಗೆ ಹಂಚಿ ಬಂದ. ಅಷ್ಟೇ ನಮ್ಮ ಒಟ್ಟು ಕೆಲಸ. ಜನರ ಎದುರಿಗೆ ಹಾಡಿದ್ದು ಎರಡೇ ಸಲ, ಎರಡೂ ಬಳ್ಳಾರಿಯಲ್ಲಿ. ಅಪ್ಪನಿಗೆ ಚಿಕ್ಕಮ್ಮನ ಮನೆಗೆ ಹೋಗುತ್ತೇವೆಂದು ಹೇಳಿದ್ದೆವು.

ಎರಡನೇ ಸಲ ಹಾಡಿದಾಗ ಅಪ್ಪನಿಗೆ ಗುರುತಿನ ವ್ಯಾಪಾರಿಯೊಬ್ಬ ಅಲ್ಲಿದ್ದ.

ಅಪ್ಪ ಹೊಡೆಯಲಿಲ್ಲ, ಬೈಯಲಿಲ್ಲ. ಒಂದು ತಿಂಗಳೊಳಗೆ ಮಡಕಶಿರಾದಿಂದ ಸಂಬಂಧ ತಂದರು. ನೋಡಲು ಬಂದವರು ಹಾಡು ಬರುತ್ತದೇನಮ್ಮ ಎಂದು ಕೇಳಿದರು. ನಾನು ಅಪ್ಪನ ಕಡೆ ನೋಡದೆ, ಬರಲ್ರಿ ಎಂದೆ. ಬಾಗಿಲ ಹತ್ತಿರ ನಿಂತಿದ್ದ ಅಣ್ಣ ಹೊರಗೆ ಹೋದ. ನಿಶ್ಚಯವಾದ ಮೇಲೆ ಅಪ್ಪ ನಮ್ಮಿಬ್ಬರ ಕೈಗೂ ಒಂದು ಗೋಣಿಚೀಲ ಕೊಟ್ಟು, ಊರೊಳಗೆ ಎಷ್ಟು ಕ್ಯಾಸೆಟ್ ಕೊಟ್ಟಿದ್ದೀರೋ ಅಷ್ಟನ್ನೂ ವಾಪಸು ತರಬೇಕು ಎಂದರು. ಮನೆ ಮನೆಗೆ ಹೋಗಿ ಕೇಳಿದೆವು. ಕೆಲವರು ನಕ್ಕು ಕೊಟ್ಟರು, ಕೆಲವರು ಅದರ ಮೇಲೆ ಭಕ್ತಿಗೀತೆ ತುಂಬಿಸಿಕೊಂಡಿದ್ದರು. ಹತ್ತೊಂಬತ್ತು ಸಿಕ್ಕವು. ಅಪ್ಪ ಹಿತ್ತಲಲ್ಲಿ ಸುಟ್ಟರು. ಜೀನ್ಸ್ ಚೀಲ ಬೇಗ ಹತ್ತಿಕೊಳ್ಳಲಿಲ್ಲ, ಸೀಮೆಎಣ್ಣೆ ಹಾಕಬೇಕಾಯಿತು.

ಮದುವೆಯಾಗಿ ಮಡಕಶಿರಾಕ್ಕೆ ಬಂದೆ. ಇಲ್ಲಿನ ಮಾತು ಬೇರೆ, ಸಿರಾ ಕಡೆಯ ಧಾಟಿ. ನಾನು ‘ಯಾಕ’ ಎಂದರೆ ಅತ್ತೆ ನಗುತ್ತಿದ್ದರು. ‘ಯಾಕೆ’ ಎನ್ನಲು ಕಲಿತೆ. ಗಂಡನಿಗೆ ಹಾಡಿನ ವಿಷಯ ಹೇಳಲಿಲ್ಲ. ಹೇಳಬಾರದೆಂದೇನಲ್ಲ. ಇವತ್ತು ಹೇಳೋಣ, ನಾಳೆ ಹೇಳೋಣ ಎಂದುಕೊಳ್ಳುತ್ತಲೇ ಮಗಳು ಹುಟ್ಟಿದಳು. ಅವಳು ಮೂರು ವರ್ಷದವಳಿದ್ದಾಗ ನನಗೆ ಥೈರಾಯ್ಡ್ ಗಂಟಾಗಿ ಅನಂತಪುರದಲ್ಲಿ ಆಪರೇಷನ್ ಆಯಿತು. ಧ್ವನಿ ಹೋದರೂ ಹೋಗಬಹುದು ಎಂದು ಡಾಕ್ಟರು ಮೊದಲೇ ಹೇಳಿದ್ದರು. ಪೂರ್ತಿ ಹೋಗಲಿಲ್ಲ. ಒಡೆದು, ಗೊಗ್ಗರಾಗಿ, ಪಕ್ಕದವರಿಗೆ ಕೇಳುವಷ್ಟು ಉಳಿಯಿತು. ಟೈಲರಿಗೆ ಅಷ್ಟು ಸಾಕು. ಮಗಳಿಗೆ ಗೊತ್ತಿರುವುದು ಈ ಧ್ವನಿ ಮಾತ್ರ.

ಅವಳು ಹಾಡು ಕೇಳಿಸಿದ ಮರುವಾರ, ಅಪ್ಪನನ್ನು ನೋಡಿ ಬರುತ್ತೇನೆಂದು ಹೇಳಿ ರಾಯದುರ್ಗಕ್ಕೆ ಹೋದೆ. ಪಾವಗಡ, ಕಲ್ಯಾಣದುರ್ಗದಲ್ಲಿ ಬಸ್ ಬದಲಿಸಿಕೊಂಡು ಹೋಗುವಷ್ಟರಲ್ಲಿ ಊಟದ ಹೊತ್ತು ಮೀರಿತ್ತು. ಅಪ್ಪನಿಗೆ ಆಗಲೇ ಹಾಸಿಗೆ ಬಿಟ್ಟು ಏಳಲು ಆಗುತ್ತಿರಲಿಲ್ಲ. ನನ್ನನ್ನು ನೋಡಿ, “ಬಂದೇನವ್ವ,” ಎಂದು ಮತ್ತೆ ಕಣ್ಣು ಮುಚ್ಚಿದರು. ಅಣ್ಣ ಹಿತ್ತಲ ಕೋಣೆಯಲ್ಲಿದ್ದ. ಗಂಟುಗಳೆಲ್ಲ ಹೋಗಿ ಅಲ್ಲಿ ಒಂದು ಮೇಜು, ಹೊಸ ಗಿಟಾರು, ಗೋಡೆಗೆ ಚೌಕಟ್ಟು ಹಾಕಿದ ದೊಡ್ಡ ಕಪ್ಪು ರೆಕಾರ್ಡು ಬಂದಿದ್ದವು. ಕವರಿನ ಮೇಲೆ ನಾನು ಹೊಲಿದಿದ್ದ ಜೀನ್ಸ್ ಚೀಲದ ಫೋಟೋ.

ಬೆಂಗಳೂರಿನವರು ಹಾಡುಗಳನ್ನು ಮೊದಲು ಇಂಟರ್ನೆಟ್ಟಿನಲ್ಲಿ ಬಿಟ್ಟರಂತೆ. ಜನ ಕೇಳಿದ್ದರಿಂದ ಆಮೇಲೆ ಈ ಕಪ್ಪು ತಟ್ಟೆ ಮಾಡಿ, ಜೊತೆಗೊಂದು ಪುಸ್ತಿಕೆ ಹಾಕಿದರಂತೆ. ನಾನು ಪುಸ್ತಿಕೆ ತೆರೆದೆ. ಅದರಲ್ಲಿ ಒಂದು ಪುಟ ಕನ್ನಡದಲ್ಲಿತ್ತು. ಗಿಟಾರಿನ ಮುಂದೆ ಅಣ್ಣ ಬ್ಯಾಂಡಿಗೆಂದು ಇಟ್ಟುಕೊಂಡಿದ್ದ ಹೆಸರು, ನನ್ನ ಮಗಳು ಎಂದೂ ಕೇಳಿರದ್ದು; ಡ್ರಮ್ಮಿನ ಮುಂದೆ ಮಾಸ್ತರನ ಹೆಸರು. ಗಾಯನದ ಮುಂದೆ ಒಂದೇ ಪದ: ದಿವಂಗತ.

“ಇದನ್ನ ಯಾರು ಹೇಳಿದ್ರು?” ಎಂದು ಕೇಳಿದೆ.

ಅಣ್ಣ ಬಾಗಿಲು ಮುಂದೆ ಮಾಡಿ ಬಂದು ಕೂತ. “ಯಾರೂ ಹೇಳಿಲ್ಲ. ಬೆಂಗ್ಳೂರಾತ ಹುಡುಕ್ಕೊಂಡು ಬಂದಿದ್ದ. ಪಡಸಾಲಿಯಾಗ ಕುಂತಿದ್ವಿ. ಅಪ್ಪ ಇದ್ದ, ಆಜುಬಾಜಿನೋರು ನಾಕು ಮಂದಿ ಬಂದು ನಿಂತಿದ್ರು. ಹಾಡಿದ ಹುಡುಗಿ ಯಾರು ಅಂತ ಕೇಳ್ದ. ನಾ ಬಾಯಿ ತೆಗಿಯೋದ್ರಾಗ ಅಪ್ಪ ಅಂದ, ಕೆಲಸಕ್ಕ ಬರ್ತಿದ್ಳು, ಆಕಿ ಈಗ ಇಲ್ರಿ, ಅಂತ.”

“ಅಂದ್ರ?”

“ಅಂದ್ರ ಇಲ್ಲಿಲ್ಲ ಅಂತ. ಊರಾಗಿಲ್ಲ ಅಂತ. ಆತ ಬ್ಯಾರೇನೇ ತಿಳ್ಕೊಂಡ. ತಲಿ ಬಗ್ಗಿಸಿ ಕೈ ಮುಗುದ. ಕೈ ಮುಗುದ ಮ್ಯಾಲ ನಾ ಏನಂತ ಹೇಳ್ಲಿ?”

“ಇಲ್ಲಪ್ಪ, ಬದುಕ್ಯಾಳ ಅಂತ ಹೇಳ್ಬೇಕಿತ್ತು.”

“ಹೇಳಿದ್ರ ಎಲ್ಲಿ ಅದಾಳ ಅಂತ ಕೇಳ್ತಿದ್ದ. ಮಡಕಶಿರಾಕ್ಕ ಬರ್ತಿದ್ದ, ಕ್ಯಾಮೆರಾ ಹಿಡ್ಕೊಂಡು. ನಿಮ್ಮನ್ಯಾಗ ಏನಂತ ಹೇಳ್ತಿದ್ದಿ? ನಿನ್ನ ಮನಿ ಉಳೀಲಿ ಅಂತ ಸುಮ್ಮನಾದೆ.”

ಅದು ಸುಳ್ಳಲ್ಲ. ಅವನು ಸುಮ್ಮನಾದದ್ದು ನನಗಾಗಿಯೇ ಇರಬೇಕು, ಆ ದಿನದ ಮಟ್ಟಿಗೆ. ಆದರೆ ಆಮೇಲೆ ರೆಕಾರ್ಡು ಬಿಡುಗಡೆಗೆ ಅವನನ್ನು ಬೆಂಗಳೂರಿಗೆ ಕರೆದಿದ್ದರು. ವೇದಿಕೆಯ ಮೇಲೆ ಎಲ್ಲರೂ ಎದ್ದು ನಿಂತು ನನ್ನ ಆತ್ಮಕ್ಕೆ ಶಾಂತಿ ಕೋರಿದರಂತೆ. ಅವನ ಕೈಗೆ ಮೈಕು ಕೊಟ್ಟು ಆ ಹುಡುಗಿಯ ಬಗ್ಗೆ ಎರಡು ಮಾತು ಆಡಿ ಎಂದರಂತೆ.

“ಏನಂದಿ?” ಎಂದು ಕೇಳಿದೆ.

ಅವನು ಗಿಟಾರಿನ ತಂತಿಯ ಮೇಲೆ ಬೆರಳು ಸವರಿದ. “ಅಳು ಬಂತು,” ಎಂದ ಕೊನೆಗೆ. “ಖರೇನ ಅಳು ಬಂತು. ಮಾತಾಡಲಿಕ್ಕೇ ಆಗ್ಲಿಲ್ಲ.”

“ಈಗ್ಲಾದ್ರೂ ಹೇಳು ಅವರಿಗೆ.”

“ಈಗ ಹೇಳಿದ್ರ ನಾ ಸುಳ್ಳುಗಾರ ಆಗ್ತೀನಿ. ಅಷ್ಟು ಮಂದಿ ಮುಂದ ಅತ್ತೀನಿ ನಾ.”

ಅತ್ತಿಗೆ ಊಟಕ್ಕೆ ಕರೆದಳು. ಜೋಳದ ರೊಟ್ಟಿ, ಬದನೆಕಾಯಿ ಪಲ್ಯ ಮಾಡಿದ್ದಳು. ನಾವಿಬ್ಬರೂ ಎದುರುಬದುರು ಕೂತು ತಿಂದೆವು. ಮರುದಿನ ಬಸ್ ಹತ್ತಿಸಲು ಬಂದ ಅಣ್ಣ ಕಿಟಕಿಯಲ್ಲಿ ಕೈಯಿಟ್ಟು, “ಯೋಚನೆ ಮಾಡಬ್ಯಾಡ. ಹಾಡು ಉಳೀತಲ್ಲ, ಅಷ್ಟು ಸಾಕು,” ಎಂದ. ಬಸ್ ಹೊರಟಿತು. ಅವನಿಗೆ ಸಾಕಾಗಿತ್ತು ಎಂಬುದು ಅವನ ಮುಖದಲ್ಲೇ ಕಾಣುತ್ತಿತ್ತು.

ಎರಡು ತಿಂಗಳಿಗೆ ಅಪ್ಪ ತೀರಿಕೊಂಡರು. ಹನ್ನೊಂದು ದಿನ ರಾಯದುರ್ಗದಲ್ಲೇ ಇದ್ದೆ. ಬಂದವರೆಲ್ಲ ನನ್ನನ್ನು ಹಿಡಿದುಕೊಂಡು ಅತ್ತರು, ಒಬ್ಬಳೇ ಮಗಳು ಎಂದು. ಇನ್ನು ಮುಚ್ಚಿಡಬೇಕಾದವರು ಯಾರೂ ಇಲ್ಲ ಎಂದು ನನಗೆ ಅನ್ನಿಸಿತ್ತು. ಅಣ್ಣನಿಗೂ ಹಾಗೇ ಅನ್ನಿಸಬಹುದು ಎಂದು ಕಾದೆ. ತಿಥಿ ಮುಗಿಯಿತು. ಅವನು ಆ ಮಾತೇ ತೆಗೆಯಲಿಲ್ಲ.

ಕಟಿಂಗ್ ಮಾಸ್ತರ ಎಲ್ಲಿದ್ದಾನೆಂದು ಅಲ್ಲಿ ವಿಚಾರಿಸಿದೆ. ಸೂರತ್ತಿಗೋ ಎಲ್ಲಿಗೋ ಹೋದ, ವರ್ಷಗಳೇ ಆದವು ಎಂದರು. ಅವನಿಗೆ ರೆಕಾರ್ಡು ಬಂದದ್ದೂ ಗೊತ್ತಿರಲಾರದು.

ಪುಸ್ತಿಕೆಯ ಹಿಂದೆ ಬೆಂಗಳೂರಿನವರ ನಂಬರ್ ಇತ್ತು. ಅದನ್ನು ಬರೆದುಕೊಂಡು ಬಂದಿದ್ದೆ. ಒಂದು ಸೋಮವಾರ ಪಕ್ಕದ ಮನೆಯವರ ಜೊತೆ ಹತ್ತಿರದ ಹೇಮಾವತಿಯ ಗುಡಿಗೆ ಹೋದೆ. ಅವರು ದೇವಸ್ಥಾನದೊಳಗೆ ಸರದಿಯಲ್ಲಿ ನಿಂತಾಗ, ತಲೆ ಸುತ್ತುತ್ತಿದೆ ಎಂದು ಹೇಳಿ ಹೊರಗೆ ಬಂದೆ. ಗುಡಿಯ ಹಿಂದೆ ಯಾರೂ ಇಲ್ಲದ ಕಡೆ ಬೇವಿನ ಮರದ ಕೆಳಗೆ ನಿಂತು ಫೋನ್ ಮಾಡಿದೆ.

ಆತ ಒಳ್ಳೆಯ ಮನುಷ್ಯ. ಮಾತಿನಲ್ಲೇ ಗೊತ್ತಾಗುತ್ತಿತ್ತು. ನಾನು ಹೇಳಿದ್ದನ್ನೆಲ್ಲ ನಡುವೆ ಬಾಯಿ ಹಾಕದೆ ಕೇಳಿಕೊಂಡ.

“ಮೇಡಂ, ಬೇಜಾರು ಮಾಡ್ಕೋಬೇಡಿ,” ಎಂದ. “ಇದೇ ತರ ಹೇಳ್ಕೊಂಡು ಇಬ್ಬರು ಫೋನ್ ಮಾಡಿದ್ರು. ನೀವು ಮೂರನೆಯವರು.”

ನಾನು ಜೀನ್ಸ್ ಚೀಲದ ವಿಷಯ ಹೇಳಿದೆ. ಅದರ ಫೋಟೋ ಕವರ್ ಮೇಲೇ ಇದೆಯಲ್ಲ ಎಂದ. ಸ್ಟುಡಿಯೋದ ಪ್ರತಿಧ್ವನಿಯ ಜಗಳ ಹೇಳಿದೆ. ಅದು ಪುಸ್ತಿಕೆಯಲ್ಲಿ ಇದೆ ಎಂದ. ಅಣ್ಣ ಎಲ್ಲವನ್ನೂ ಹೇಳಿಬಿಟ್ಟಿದ್ದ. ನನ್ನದು ಎಂದು ಹೇಳಿಕೊಳ್ಳಲು ಏನೂ ಉಳಿದಿರಲಿಲ್ಲ.

“ಒಂದು ಸಾಲು ಹಾಡ್ತೀರಾ?” ಎಂದು ಕೇಳಿದ. ಕುಹಕವಿರಲಿಲ್ಲ ಅದರಲ್ಲಿ. ನಿಜವಾಗಿಯೂ ಕೇಳಿದ.

ಸುತ್ತ ನೋಡಿದೆ. ಗುಡಿಯ ಆವರಣದ ಆಚೆ ಕುರಿಗಳು ಮೇಯುತ್ತಿದ್ದವು. ಉಸಿರು ತೆಗೆದುಕೊಂಡು ಮೊದಲ ಹಾಡಿನ ಮೊದಲ ಸಾಲು ಹೇಳಲು ಹೋದೆ. ಗಂಟಲಿನಿಂದ ಗಾಳಿ ಬಂತು, ಗೊಗ್ಗರು ಬಂತು, ಆಮೇಲೆ ಕೆಮ್ಮು. ಕೆಮ್ಮು ನಿಲ್ಲುವ ತನಕ ಅವನು ಕಾದ. ಆಪರೇಷನ್ ಆಗಿದೆ ಎಂದು ಹೇಳಿದೆ. ಹೇಳುವಾಗ ನನಗೇ ಅದು ಕಟ್ಟಿದ ಕಥೆಯಂತೆ ಕೇಳಿಸಿತು.

“ಒಂದು ಕೆಲಸ ಮಾಡ್ತೀನಿ,” ಎಂದ. “ಅವರು ನಿಮ್ಮ ಅಣ್ಣ ಅಂತೀರಲ್ಲ, ಅವರನ್ನೇ ಕೇಳಿ ನಿಮಗೆ ಫೋನ್ ಮಾಡ್ತೀನಿ.”

ಬೇವಿನ ಮರದ ಬುಡದಲ್ಲಿ ಕೂತೆ. ಅಣ್ಣ ಈಗ ಫೋನ್ ಎತ್ತುತ್ತಿರಬಹುದು, ಈಗ ಕೇಳುತ್ತಿರಬಹುದು ಎಂದು ಎಣಿಸುತ್ತ ಕೂತೆ. ಅವನು ಹೌದು ಎನ್ನುತ್ತಾನೆ ಎಂದೇ ಅನ್ನಿಸುತ್ತಿತ್ತು. ಬಾಯಿ ತೆರೆದು ಕೇಳಿದ ಮೇಲೆ ಯಾರು ಅಲ್ಲ ಎನ್ನುತ್ತಾರೆ. ಹೌದು ಎಂದರೆ ಗಂಡನಿಗೆ ಏನು ಹೇಳುವುದು, ಮಗಳಿಗೆ ಹೇಗೆ ಹೇಳುವುದು ಎಂದು ಮಾತು ಕೂಡ ಜೋಡಿಸಿಕೊಂಡೆ.

ಕಾಲು ಗಂಟೆಗೆ ಫೋನ್ ಬಂತು.

“ಮೇಡಂ, ಮಾತಾಡಿದೆ. ಅವರಿಗೆ ತಂಗಿ ಇಲ್ಲವಂತೆ.”

ಬೇವಿನ ಬುಡಕ್ಕೆ ಕೈಯೂರಿ ಎದ್ದು ನಿಂತೆ.

“ಹಾಡು ಇಷ್ಟ ಆದಾಗ ಅದು ನಮ್ಮದೇ ಅನ್ನಿಸುತ್ತೆ. ನನಗೂ ಹಾಗೆ ಆಗಿದೆ,” ಎಂದ. ನನಗೆ ಸಮಾಧಾನ ಹೇಳುತ್ತಿದ್ದ. ಆರೋಗ್ಯ ನೋಡ್ಕೊಳ್ಳಿ ಎಂದು ಹೇಳಿ ಫೋನ್ ಇಟ್ಟ.

ಪಕ್ಕದ ಮನೆಯವರು ದರ್ಶನ ಮುಗಿಸಿ ಬಂದು ನನ್ನ ಕೈಗೆ ಪ್ರಸಾದ ಕೊಟ್ಟರು. “ಈಗೆಂಗೈತೆ ತಲೆ ಸುತ್ತು?” ಎಂದು ಕೇಳಿದರು. ಕಡಿಮೆಯಾಯಿತು ಎಂದೆ. ಹಿಂದಿರುಗುವ ಆಟೋದಲ್ಲಿ ಅವರು ತಮ್ಮ ಮೊಮ್ಮಗಳ ನಾಮಕರಣದ ಬಗ್ಗೆ ದಾರಿಯುದ್ದಕ್ಕೂ ಹೇಳಿದರು. ಎಲ್ಲದಕ್ಕೂ ಹೂಂ ಎಂದೆ.

ಅಣ್ಣನಿಗೆ ನಾನು ಫೋನ್ ಮಾಡಲಿಲ್ಲ, ಅವನೂ ಮಾಡಲಿಲ್ಲ. ಆ ವರ್ಷ ನಾಗರ ಪಂಚಮಿಗೆ ತವರಿಗೆ ಕರೆಯಲು ಬರಲಿಲ್ಲ. ಗಂಡ ಒಂದು ಸಲ, “ಯಾಕೆ, ಏನಾರಾ ಮಾತು ಬಂತಾ?” ಎಂದು ಕೇಳಿದರು. ಅಪ್ಪ ಇಲ್ಲದ ಮನೆಯಲ್ಲವೆ ಎಂದೆ. ಅವರು ತಲೆಯಾಡಿಸಿ ಮತ್ತೆ ಕತ್ತರಿ ಹಿಡಿದರು. ಅವರಿಗೆ ಹೇಳಿಬಿಡಬಹುದಾಗಿತ್ತು. ಆದರೆ ಹೇಳಿದರೆ ಹಾಡಿದ್ದರ ಜೊತೆಗೆ ಅಣ್ಣ ಆಡಿದ ಮಾತನ್ನೂ ಹೇಳಬೇಕಾಗುತ್ತಿತ್ತು. ಮೊದಲನೆಯದನ್ನು ಹೇಳಬಲ್ಲೆ, ಎರಡನೆಯದು ಬಾಯಿಗೆ ಬರುತ್ತಿರಲಿಲ್ಲ.

ಮರು ವರ್ಷ ರೆಕಾರ್ಡು ಮೂರನೆಯ ಸಲ ಬಂತು. ಈ ಸಲ ಯಾವ ಕ್ಯಾಸೆಟ್ಟಿನಲ್ಲೂ ಇಲ್ಲದ ಹೊಸ ತುಣುಕೊಂದನ್ನು ಸೇರಿಸಿದ್ದರು. ಅಣ್ಣನ ಟ್ರಂಕಿನಲ್ಲಿ ಉಳಿದಿದ್ದ ಟೇಪಂತೆ. ಅವನು ಯಾಕೆ ಅದನ್ನು ಕೊಟ್ಟನೋ ನನಗೆ ಇಂದಿಗೂ ತಿಳಿದಿಲ್ಲ. ಪಶ್ಚಾತ್ತಾಪವೋ, ಅವರು ಹೊಸ ಸರಕು ಕೇಳಿದ್ದರೋ.

ಮಗಳು ಅದನ್ನು ಅಂಗಡಿಯಲ್ಲೇ ಹಾಕಿದಳು, ಇಯರ್‌ಫೋನ್ ಇಲ್ಲದೆ. ಮಧ್ಯಾಹ್ನದ ಊಟಕ್ಕೆ ಗಂಡ ಮನೆಗೆ ಹೋಗಿದ್ದರು. ನಾನು ರವಿಕೆಗೆ ಹುಕ್ಕು ಕಟ್ಟುತ್ತಿದ್ದೆ. ಅದರಲ್ಲಿ ಹಾಡಿರಲಿಲ್ಲ. ಹಾಡಿಗೆ ಮುಂಚಿನ ಮಾತು. ಗಿಟಾರು ಶ್ರುತಿ ಮಾಡುವ ಸದ್ದಿನ ನಡುವೆ ಒಂದು ಹುಡುಗಿ, “ಒಂಚೂರು ನೀರು ಕೊಡ್ರೋ,” ಎನ್ನುತ್ತಾಳೆ. ಯಾರೋ ಏನೋ ತಮಾಷೆ ಮಾಡುತ್ತಾರೆ. ಆ ಹುಡುಗಿ ನಗುತ್ತಾಳೆ. ನಗುವ ಮುಂಚೆ ಮೂಗಿನಿಂದ ಗಕ್ಕನೆ ಉಸಿರೆಳೆದು, ಆಮೇಲೆ ತಡೆಯಲಾರದೆ ನಗುತ್ತಾಳೆ.

ನನ್ನ ಮಗಳು ನಗುವುದೂ ಹಾಗೆಯೇ. ಮನೆಗೆ ಬಂದವರೆಲ್ಲ ಹೇಳುತ್ತಾರೆ.

ಅವಳು ತುಣುಕನ್ನು ಹಿಂದಕ್ಕೆ ಹಾಕಿ ಮತ್ತೆ ಕೇಳಿದಳು. ಮೂರನೆಯ ಸಲವೂ ಕೇಳಿದಳು. ಆಮೇಲೆ ಫೋನು ತೊಡೆಯ ಮೇಲಿಟ್ಟುಕೊಂಡು ನನ್ನನ್ನು ನೋಡಿದಳು.

“ಅಮ್ಮ,” ಎಂದಳು, ಬಹಳ ಮೆಲ್ಲಗೆ. “ಇದು ನೀನಾ?”

ಒಬ್ಬರಾದರೂ ಹೀಗೆ ಕೇಳಲಿ ಎಂದು ನಾನು ಎಷ್ಟು ಬಯಸಿದ್ದೆನೋ. ಆದರೆ ಅವಳ ಮುಖದಲ್ಲಿ ಸಂತೋಷವಿರಲಿಲ್ಲ. ಹೆದರಿಕೆ ಇತ್ತು. ಸತ್ತ ಆ ಹುಡುಗಿಯನ್ನು ಅವಳು ಒಂದೂವರೆ ವರ್ಷದಿಂದ ಪ್ರೀತಿಸುತ್ತ ಬಂದಿದ್ದಳು. ಆ ಹುಡುಗಿಯ ಬಗ್ಗೆ ಕಾಲೇಜಿನ ಪತ್ರಿಕೆಯಲ್ಲಿ ಬರೆದಿದ್ದಳು. ಈಗ ಅವಳ ಎದುರಿಗೆ ಗಂಟಲು ಕಟ್ಟಿದ, ಬಾಯಲ್ಲಿ ದಾರ ಕಚ್ಚಿಕೊಂಡ ನಾನು ಕೂತಿದ್ದೆ. ಹೌದು ಎಂದರೆ ಮುಂದಿನ ಪ್ರಶ್ನೆ ನನಗೆ ಗೊತ್ತಿತ್ತು: ಹಾಗಾದರೆ ಯಾಕೆ ಬಿಟ್ಟೆ? ಯಾರೂ ನನ್ನ ಬಾಯಿ ಹೊಲಿದಿರಲಿಲ್ಲ. ಬಿಡು ಎಂದರು, ಬಿಟ್ಟೆ. ಗೋಣಿಚೀಲ ಹಿಡಿ ಎಂದರು, ಹಿಡಿದೆ.

“ಅಲ್ಲ,” ಎಂದೆ. “ನಂಗೆಲ್ಲಿ ಬತ್ತೈತೆ ಹಾಡು.”

ಅವಳು ನಂಬಲಿಲ್ಲ ಎಂದು ನನಗೆ ಖಾತ್ರಿಯಿದೆ. ಆದರೂ ಅವಳ ಭುಜ ಸಡಿಲವಾದದ್ದನ್ನು ನೋಡಿದೆ. “ನಗು ಒಂದೇ ತರ ಐತಲ್ಲ, ಅದಕ್ಕೆ ಕೇಳ್ದೆ,” ಎಂದು ಎದ್ದು ಹೋದಳು. ಅದಾದ ಮೇಲೆ ಆ ಹಾಡುಗಳನ್ನು ಅವಳು ಮನೆಯಲ್ಲಿ ಹಾಕಿಲ್ಲ. ನಗುವಾಗ ಒಂದೊಂದು ಸಲ ಅರ್ಧಕ್ಕೇ ನಿಲ್ಲಿಸಿ ನನ್ನ ಕಡೆ ನೋಡುತ್ತಾಳೆ.

ಕಳೆದ ತಿಂಗಳು ಅಣ್ಣ ಎರಡು ವರ್ಷದ ಮೇಲೆ ಫೋನ್ ಮಾಡಿದ್ದ. ಎಲ್ಲರೂ ಆರಾಮೇನು ಎಂದು ಕೇಳಿದ, ಅತ್ತಿಗೆಗೆ ಸಕ್ಕರೆ ಕಾಯಿಲೆ ಬಂದದ್ದು ಹೇಳಿದ. ಆಮೇಲೆ, “ನಿನ್ನವು ಆವಾಗಿನ ಫೋಟೋ ಯಾವಾದ್ರೂ ಅದಾವೇನು? ಪೋಸ್ಟರಿಗೆ ಕೇಳಕತ್ಯಾರ,” ಎಂದ.

ಇಲ್ಲ ಎಂದು ಹೇಳಿದೆ. ಇದ್ದದ್ದು ಒಂದೇ, ಬಳ್ಳಾರಿಯಲ್ಲಿ ಮೈಕಿನ ಮುಂದೆ ನಿಂತದ್ದು, ಕಣ್ಣು ಮುಚ್ಚಿಕೊಂಡು. ಮದುವೆಯ ಸೀರೆಯ ಮಡಿಕೆಯಲ್ಲಿಟ್ಟುಕೊಂಡು ತಂದಿದ್ದೆ. ಫೋನ್ ಇಟ್ಟ ಮೇಲೆ ಅದನ್ನು ತೆಗೆದು ನೋಡಿದೆ. ಬಣ್ಣ ಇಳಿದು ಮುಖವೆಲ್ಲ ಬೆಳ್ಳಗಾಗಿದೆ, ಬಾಯಿ ಇರುವ ಕಡೆ ಸೀರೆಯ ಜರಿ ಅಂಟಿಕೊಂಡಿದೆ. ಬಿಡಿಸಲು ಹೋದರೆ ಹರಿಯುತ್ತದೆ. ಹಾಗೇ ಮಡಚಿ ಇಟ್ಟು ಅಂಗಡಿಗೆ ಹೋದೆ. ಅಳತೆ ಕೊಡಲು ಇಬ್ಬರು ಹೆಂಗಸರು ಕಾಯುತ್ತಿದ್ದರು.